ಸೂಲಗಿತ್ತಿಯ ನೇಮ: ಮಲೆನಾಡಿನ ಹೆರಿಗೆ ಪರಂಪರೆಯಲ್ಲಿ ಕರೆ, ಕಲಿಕೆ ಮತ್ತು ದೈವಿಕತೆ

1. ಪ್ರಸ್ತಾವನೆ

ಕನ್ನಡದಲ್ಲಿ ಸೂಲಗಿತ್ತಿಯರನ್ನು ಕುರಿತು ಬಂದಿರುವ ಬರಹಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಸೂಲಗಿತ್ತಿಯು ದೈವಾಂಶ ಪಡೆದವಳು, ಆಕೆಯ ವಿದ್ಯೆ ಒಲಿದು ಬಂದದ್ದು, ಆಕೆಯ ಕೆಲಸ ವೃತ್ತಿಗಿಂತ ಮಿಗಿಲಾದ ಸೇವೆ ಎಂಬುದೇ ಆ ಮಾತು. ಸನ್ಮಾನ ಪತ್ರಗಳಲ್ಲಿ, ವ್ಯಕ್ತಿಚಿತ್ರಗಳಲ್ಲಿ, ಕೆಲವೊಮ್ಮೆ ಸಂಶೋಧನ ಪ್ರಬಂಧಗಳಲ್ಲಿಯೂ ಇದು ತೀರ್ಮಾನದ ರೂಪದಲ್ಲಿ ಬರುತ್ತದೆ. ಇದನ್ನು ಪ್ರಶ್ನೆಯಾಗಿ ಕೇಳಿದವರು ವಿರಳ. ಹೆರಿಗೆ ಮಾಡಿಸುವುದನ್ನು ದೈವದ ಕರೆ ಎಂದು ನಿಜವಾಗಿಯೂ ನಮ್ಮ ಜನಪದರು ಭಾವಿಸಿದ್ದರೇ? ಭಾವಿಸಿದ್ದರೆ ಆ ಕರೆ ಯಾವ ಬಗೆಯದು? ಅದಕ್ಕೂ ಕಲಿಕೆಗೂ ಇರುವ ಸಂಬಂಧವೇನು? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಲೆನಾಡು ಪರಿಸರವನ್ನು ಆಧಾರವಾಗಿಸಿಕೊಂಡು ಪ್ರಸ್ತುತ ಲೇಖನವನ್ನು ಸಿದ್ಧಪಡಿಸಲಾಗಿದೆ.

ಈ ಮೂರು ತಾಲ್ಲೂಕುಗಳ ಸೂಲಗಿತ್ತಿಯರ ಹೆಸರುಗಳು ದಾಖಲೆಯ ಪುಟಗಳಿಗೆ ಬಂದದ್ದು ಕಡಿಮೆ. ಅವರ ನೆನಪು ಮನೆತನಗಳ ಒಳಗೇ ಉಳಿದಿದೆ. ಆದ್ದರಿಂದ ಒಬ್ಬ ಸೂಲಗಿತ್ತಿಯ ಬದುಕಿನ ವಿವರ ಬೇಕಾದಲ್ಲಿ ಬಯಲುಸೀಮೆಯ, ಸಾರ್ವಜನಿಕ ದಾಖಲೆಯಲ್ಲಿರುವ ಸೂಲಗಿತ್ತಿ ನರಸಮ್ಮನವರ ಉದಾಹರಣೆಯನ್ನು ಹೋಲಿಕೆಗೆ ಬಳಸಲಾಗಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ 1920ರಲ್ಲಿ ಹುಟ್ಟಿ 2018ರ ಡಿಸೆಂಬರ್ 25ರಂದು ತೀರಿಕೊಂಡರು. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಸಂದಿತು. ಓದುಬರಹ ಕಲಿಯದ ಹೆಣ್ಣುಮಗಳೊಬ್ಬಳ ಕೈಯ ವಿದ್ಯೆಯನ್ನು ವಿಶ್ವವಿದ್ಯಾನಿಲಯವೂ ರಾಷ್ಟ್ರವೂ ಮಾನ್ಯ ಮಾಡಿದ್ದು ನಮ್ಮ ಜ್ಞಾನಪರಂಪರೆಯ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ. ಆದರೆ ಮಾನ್ಯ ಮಾಡಿದ ಭಾಷೆ ಯಾವುದು ಎಂಬುದನ್ನೂ ಪರಿಶೀಲಿಸಬೇಕಾಗಿದೆ.

2. ಪದಗಳ ಸಾಕ್ಷ್ಯ

ಮೊದಲಿಗೆ ಭಾಷೆಯೊಳಗಿನ ಸಾಕ್ಷ್ಯವನ್ನು ಅವಲೋಕಿಸಬಹುದು. ಹಳಗನ್ನಡದ 'ಸೂಲ್' ಎಂಬ ಪದಕ್ಕೆ ಹೆರಿಗೆ ಎಂದು ಅರ್ಥ. ಈ ಪದ ಇಂದು ಮನುಷ್ಯರ ವಿಷಯದಲ್ಲಿ ಬಹುತೇಕ ಬಳಕೆ ತಪ್ಪಿದೆ. ದನದ ವ್ಯವಹಾರದಲ್ಲಿ ಮಾತ್ರ 'ಎರಡನೆಯ ಸೂಲಿನ ಹಸು', 'ಮೂರನೆಯ ಸೂಲಿನ ಎಮ್ಮೆ' ಎಂಬಂಥ ಮಾತುಗಳಲ್ಲಿ ಜೀವಂತವಾಗಿದೆ. 'ಗಿತ್ತಿ' ಎಂಬುದು ಒಕ್ಕಲಗಿತ್ತಿ, ಹೂವಾಡಗಿತ್ತಿ, ಮಡಿವಳಗಿತ್ತಿ ಎಂಬ ಪದಗಳಲ್ಲಿರುವ ಸ್ತ್ರೀಲಿಂಗ ಪ್ರತ್ಯಯ. ಸೂಲಗಿತ್ತಿ ಎಂಬ ಪದ ಹೀಗೆ ಕಸುಬಿನ ಪದಗಳ ಸಾಲಿನಲ್ಲಿ ನಿಲ್ಲುತ್ತದೆ. ಅಮ್ಮನವರು, ಪಾತ್ರಿ, ಜೋಗತಿ ಮೊದಲಾದ ಧಾರ್ಮಿಕ ಪದಗಳ ಸಾಲಿಗೆ ಅದು ಸೇರುವುದಿಲ್ಲ. ಜನರು ಆಕೆಗೆ ಕೊಟ್ಟ ಹೆಸರು ಕೆಲಸದ್ದು.

ಎರಡನೆಯದು 'ಕೈಗುಣ'. ಸೂಲಗಿತ್ತಿಯನ್ನು ಹೊಗಳುವಾಗ ಜನರು ಆಕೆಯ ಭಕ್ತಿಯನ್ನಾಗಲಿ ತಪಸ್ಸನ್ನಾಗಲಿ ಹೇಳುವುದಿಲ್ಲ. 'ಅವಳ ಕೈಗುಣ ಒಳ್ಳೆಯದು' ಎನ್ನುತ್ತಾರೆ. ಇದೇ ಮಾತನ್ನು ನಾಟಿ ವೈದ್ಯರಿಗೂ, ಸಸಿ ನೆಡುವವರಿಗೂ, ಅಡುಗೆ ಮಾಡುವವರಿಗೂ ಹೇಳುವುದುಂಟು. ಕೈಗುಣದಲ್ಲಿ ಎರಡು ಅಂಶಗಳು ಬೆರೆತಿವೆ. ಒಂದು, ಅಭ್ಯಾಸದಿಂದ ಪಳಗಿದ ಕೈ. ಇನ್ನೊಂದು, ವಿವರಿಸಲಾಗದ ಅನುಗ್ರಹ. ಇವೆರಡನ್ನು ಬಿಡಿಸಿ ನೋಡುವ ಅಗತ್ಯ ಜನಪದ ಮನಸ್ಸಿಗೆ ಕಂಡಿಲ್ಲ. ವಿದ್ವಾಂಸರಾದ ನಾವು ಎರಡನೆಯ ಅಂಶವನ್ನು ಮಾತ್ರ ಎತ್ತಿಕೊಂಡು ದೈವಾಂಶವೆಂದು ಕರೆದು, ಮೊದಲನೆಯದನ್ನು ಬಿಟ್ಟುಬಿಟ್ಟಿದ್ದೇವೆ.

ಮೂರನೆಯದು 'ಕರೆ' ಎಂಬ ಪದ. ಆಧ್ಯಾತ್ಮಿಕ ಸಂಕಥನದಲ್ಲಿ ಕರೆ ಎಂದರೆ ಒಳಗಿನಿಂದ ಅಥವಾ ಮೇಲಿನಿಂದ ಬರುವಂಥದು. ಮಲೆನಾಡಿನ ಹಳ್ಳಿಯಲ್ಲಿ ಕರೆ ಬರುವುದು ಮನೆಯ ಬಾಗಿಲಿಗೆ. ಸೂಲಗಿತ್ತಿಯನ್ನು 'ಕರೆಯಲು' ಒಬ್ಬರು ಬರುತ್ತಾರೆ. ಕರೆದಾಗ ಆಕೆ ಹೋಗಬೇಕು. ಈ ಸಾಧಾರಣ ಅರ್ಥವನ್ನೇ ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ಪ್ರಸ್ತುತ ಲೇಖನದ ವಾದ.

3. ಒಂಟಿಮನೆಯ ಭೂಗೋಳ

ಈ ಕರೆಗೆ ಎಷ್ಟು ಬೆಲೆಯಿತ್ತು ಎಂಬುದು ಈ ಪ್ರದೇಶದ ಭೂಗೋಳವನ್ನು ತಿಳಿಯದೆ ಅರ್ಥವಾಗುವುದಿಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡಿರುತ್ತವೆ. ಮಲೆನಾಡಿನಲ್ಲಿ ಒಂದು ಊರು ಎಂದರೆ ಗುಡ್ಡ, ಕಾನು, ಗದ್ದೆಬಯಲು, ತೋಟಗಳ ನಡುವೆ ಚದುರಿದ ಒಂಟಿಮನೆಗಳು. ಮನೆಯಿಂದ ಮನೆಗೆ ಹೋಗಲು ಹಳ್ಳ ದಾಟಬೇಕು. ಹಳ್ಳಕ್ಕೆ ಮರದ ದಿಮ್ಮಿಯ ಸಂಕ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತ್ಯಧಿಕ ಮಳೆ ಬೀಳುವ ಸ್ಥಳಗಳ ಸಾಲಿನಲ್ಲಿವೆ. ಆಷಾಢ ಶ್ರಾವಣಗಳ ರಾತ್ರಿ, ಕಂಬಳಿಕೊಪ್ಪೆ ಹೊದ್ದು, ಸೂಡಿಯ ಬೆಳಕಿನಲ್ಲಿ, ತುಂಬಿದ ಹಳ್ಳದ ಮೇಲಿನ ಸಂಕ ದಾಟಿ ಬರುವ ಕರೆಗೆ ಓಗೊಡುವುದು ಸುಲಭದ ಮಾತಾಗಿರಲಿಲ್ಲ.

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಪ್ರದೇಶದಲ್ಲಿ ಈ ಕಷ್ಟಕ್ಕೆ ಮನುಷ್ಯನಿರ್ಮಿತ ಆಯಾಮವೊಂದು ಸೇರಿಕೊಂಡಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಹಳ್ಳಿಗಳನ್ನು ಮುಳುಗಿಸಿತು. ಉಳಿದ ಹಳ್ಳಿಗಳನ್ನು ತಾಲ್ಲೂಕು ಕೇಂದ್ರದಿಂದ ಬೇರ್ಪಡಿಸಿತು. ತುಮರಿ, ಬ್ಯಾಕೋಡು ಭಾಗದ ಜನರಿಗೆ ಸಾಗರದ ಆಸ್ಪತ್ರೆಗೆ ಹೋಗಲು ಹೊಳೆಬಾಗಿಲಿನ ಲಾಂಚು, ಇಲ್ಲವೆ ಬಹುದೂರದ ಸುತ್ತುಬಳಸಿನ ದಾರಿ. ಲಾಂಚಿನ ಸಂಚಾರ ಸಂಜೆಗೆ ನಿಲ್ಲುತ್ತಿತ್ತು. ಬೇನೆ ಹೊತ್ತು ನೋಡಿ ಬರುವುದಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಣ ಸೇತುವೆ ಸಂಚಾರಕ್ಕೆ ತೆರೆಯುವವರೆಗೆ, ಅಂದರೆ ಸುಮಾರು ಆರು ದಶಕಗಳ ಕಾಲ, ನಾಡಿಗೆ ಬೆಳಕು ಕೊಟ್ಟ ನೀರು ಆ ಬಸುರಿಯರಿಗೆ ಅಡ್ಡವಾಗಿಯೇ ನಿಂತಿತ್ತು. ಇಂಥ ಕಡೆಗಳಲ್ಲಿ ಸೂಲಗಿತ್ತಿ ಉಳಿದುಬಂದದ್ದಕ್ಕೆ ಪರಂಪರೆಯ ಮೇಲಿನ ಮೋಹವೊಂದೇ ಕಾರಣವೆಂದು ಹೇಳಲಾಗದು. ಬೇರೆ ದಾರಿ ಇರಲಿಲ್ಲ ಎಂಬ ಕಾರಣವನ್ನೂ ಸಂಶೋಧಕನು ದಾಖಲಿಸಬೇಕಾಗುತ್ತದೆ.

4. ಕಲಿಕೆಯ ಕ್ರಮ

ಸೂಲಗಿತ್ತಿಯ ಕಲಿಕೆಗೆ ದೀಕ್ಷೆಯ ದಿನವಿಲ್ಲ, ಗುರುಕುಲವಿಲ್ಲ, ಮುಗಿಯಿತೆಂಬ ಗಡುವಿಲ್ಲ. ಸಾಮಾನ್ಯವಾಗಿ ಕಂಡುಬರುವ ಕ್ರಮ ಹೀಗಿದೆ. ಮನೆಯ ಹಿರಿಯಳೊಡನೆ ಹೋಗುವ ಕಿರಿಯ ಹೆಣ್ಣುಮಗಳು ಮೊದಲು ಹೊರಗಿನ ಕೆಲಸಗಳಲ್ಲಿ ತೊಡಗುತ್ತಾಳೆ. ಬಚ್ಚಲಿನ ಹಂಡೆಗೆ ನೀರು ತುಂಬುವುದು, ಉರಿ ಹಾಕುವುದು, ಹಳೆಯ ಬಟ್ಟೆ ಒಟ್ಟುಮಾಡುವುದು ಆಕೆಯ ಪಾಲಿಗೆ ಬರುತ್ತವೆ. ಆಮೇಲೆ ದೀಪ ಹಿಡಿಯಲು ಒಳಗೆ ಹೋಗುತ್ತಾಳೆ. ಬಳಿಕ ಬಸುರಿಯ ಬೆನ್ನಿಗೆ ಒರಗುನಿಂತು ಭುಜ ಹಿಡಿಯುತ್ತಾಳೆ. ಹುಟ್ಟಿದ ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಬರುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ತಿಳಿಯುವುದು, ಮಾಸು ಬೀಳುವವರೆಗೆ ಆತುರಪಡದೆ ಕಾಯುವುದು, ಹೊಕ್ಕುಳಬಳ್ಳಿ ಕತ್ತರಿಸುವುದು ಕೊನೆಗೆ ಬರುವ ಹೊಣೆಗಳು. ಬಹುತೇಕ ಸೂಲಗಿತ್ತಿಯರು ಈ ನಡುವೆ ತಾವೇ ಹೆತ್ತವರಾಗಿರುತ್ತಾರೆ. ನೋಡಿ ಕಲಿತದ್ದು ಮೈಯೊಳಗಿನಿಂದ ಮತ್ತೊಮ್ಮೆ ಅರ್ಥವಾಗುತ್ತದೆ.

ನರಸಮ್ಮನವರ ಬದುಕಿನಲ್ಲಿ ಇದೇ ವಿನ್ಯಾಸವಿದೆ. ಅವರಿಗೆ ಈ ವಿದ್ಯೆ ದೊರೆತದ್ದು ಅಜ್ಜಿ ಮರಿಗೆಮ್ಮನವರಿಂದ. ನರಸಮ್ಮನವರ ಸ್ವಂತ ಹೆರಿಗೆಗಳಲ್ಲಿ ಹಲವನ್ನು ಮಾಡಿಸಿದವರೂ ಆ ಅಜ್ಜಿಯೇ. ತಾವೇ ಮೊದಲ ಹೆರಿಗೆ ಮಾಡಿಸಿದಾಗ ನರಸಮ್ಮನವರಿಗೆ ಸುಮಾರು ಇಪ್ಪತ್ತು ವರ್ಷ. ಊರಿಗೆ ಬಂದುಹೋಗುವ ಅಲೆಮಾರಿಗಳಿಂದ ಬಸುರಿಯರಿಗೆ ಬೇಕಾದ ನಾರುಬೇರಿನ ತಿಳಿವಳಿಕೆಯನ್ನು ಅವರು ಸೇರಿಸಿಕೊಂಡರು. ಹನ್ನೆರಡು ಮಕ್ಕಳನ್ನು ಹೆತ್ತ ಅನುಭವ ಬೇರೆ. ಇಲ್ಲಿ ಕನಸಿನ ಉಪದೇಶವಿಲ್ಲ. ಅಜ್ಜಿಯ ಕೈ, ಅಲೆಮಾರಿಯ ಮಾತು, ಸ್ವಂತ ಮೈ ಎಂಬ ಮೂರು ಪಾಠಶಾಲೆಗಳಿವೆ. ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂಬ ಅಂಕಿಯನ್ನು ಎಲ್ಲ ಬರಹಗಳೂ ಉಲ್ಲೇಖಿಸುತ್ತವೆ. ಎಪ್ಪತ್ತು ವರ್ಷಗಳಿಗೆ ಹಂಚಿದರೆ ವಾರಕ್ಕೆ ನಾಲ್ಕರಂತೆ ಆಗುವ ಸಂಖ್ಯೆಯಿದು. ಮೌಖಿಕ ಪರಂಪರೆಯಲ್ಲಿ ದೊಡ್ಡ ಸಂಖ್ಯೆಯು ಗೌರವದ ಭಾಷೆಯೂ ಹೌದು. ಆದರೆ ಎಣಿಕೆಯಲ್ಲಿ ಮೈಮರೆತ ನಮ್ಮ ಬರಹಗಳು, ಆ ಕೈ ಹೇಗೆ ಪಳಗಿತು ಎಂಬ ವಿವರವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿವೆ. ಜಾನಪದ ಅಧ್ಯಯನಕ್ಕೆ ಆದ ನಷ್ಟ ಇದು.

ಈ ಬಗೆಯ ಕಲಿಕೆಯನ್ನು ಗಂಭೀರವಾಗಿ ಪರಿಗಣಿಸಿದವರು ಬೇರೆ ಕಡೆ ಇದ್ದಾರೆ. ಮಾನವಶಾಸ್ತ್ರಜ್ಞೆ ಬ್ರಿಗಿಟೆ ಜೋರ್ಡನ್ ಮೆಕ್ಸಿಕೊದ ಯುಕಟಾನ್ ಪ್ರದೇಶದ ಮಾಯಾ ಸೂಲಗಿತ್ತಿಯರ ನಡುವೆ ಅಧ್ಯಯನ ನಡೆಸಿ 1978ರಲ್ಲಿ ನಾಲ್ಕು ಸಂಸ್ಕೃತಿಗಳ ಹೆರಿಗೆ ಪದ್ಧತಿಗಳನ್ನು ಕುರಿತ ಗ್ರಂಥ ಪ್ರಕಟಿಸಿದರು. ಆಕೆಯ ಸಾಮಗ್ರಿಯನ್ನು ಆಧರಿಸಿ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಮಂಡಿಸಿದ ಕಲಿಕೆಯ ಸಿದ್ಧಾಂತ ಇಂದು ಶಿಕ್ಷಣಶಾಸ್ತ್ರದಲ್ಲಿ ಸುಪರಿಚಿತ. ಕಲಿಯುವವರು ಕೆಲಸದ ಅಂಚಿನಲ್ಲಿ ನಿಂತು, ಸಣ್ಣಪುಟ್ಟ ಹೊಣೆಗಳಿಂದ ಆರಂಭಿಸಿ, ಕ್ರಮೇಣ ನಡುವಿಗೆ ಬರುತ್ತಾರೆ. ಪಾಠ ಹೇಳುವ ಪ್ರತ್ಯೇಕ ಕ್ರಿಯೆಯೇ ಅಲ್ಲಿ ಇರಬೇಕಾಗಿಲ್ಲ ಎಂಬುದು ಅದರ ಸಾರ. ಹಂಡೆಯ ಉರಿಯಿಂದ ಹೊಕ್ಕುಳಬಳ್ಳಿಯವರೆಗಿನ ಮಲೆನಾಡಿನ ಹೆಣ್ಣುಮಗಳ ದಾರಿ ಈ ವಿವರಣೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಕನ್ನಡಕ್ಕೆ ಇದನ್ನು ಹೇಳಲು ಹೊಸ ಪರಿಭಾಷೆ ಬೇಕಾಗಿಲ್ಲ. 'ಕೈ ಪಳಗುವುದು' ಎಂಬ ನುಡಿಗಟ್ಟಿನಲ್ಲಿ ಅದು ಆಗಲೇ ಇದೆ.

ಶಾಸ್ತ್ರಪರಂಪರೆಯೂ ಇದೇ ದಿಕ್ಕಿನಲ್ಲಿದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಹೆರಿಗೆಯ ವೇಳೆ ಜೊತೆಗಿರಬೇಕಾದ ನಾಲ್ವರು ಹೆಂಗಸರ ಲಕ್ಷಣಗಳನ್ನು ಹೇಳುತ್ತದೆ. ಅವರು ಮಾಗಿದ ವಯಸ್ಸಿನವರಾಗಿರಬೇಕು, ಹೆರಿಗೆಯ ಕೆಲಸದಲ್ಲಿ ಕುಶಲರಾಗಿರಬೇಕು, ಉಗುರು ಕತ್ತರಿಸಿಕೊಂಡಿರಬೇಕು. ಉಗುರಿನಷ್ಟು ಸಣ್ಣ ಸಂಗತಿಯನ್ನು ಅರ್ಹತೆಯ ಸ್ಥಾನದಲ್ಲಿ ನಿಲ್ಲಿಸಿದ ಆ ವಾಕ್ಯವು ದೈವಾಂಶದ ಮಾತಿಗಿಂತ ಸೂಲಗಿತ್ತಿಯ ಸತ್ಯಕ್ಕೆ ಹತ್ತಿರವಿದೆ.

5. ದರ್ಶನ ಮತ್ತು ನೇಮ

ಹಾಗಾದರೆ ಈ ಕೆಲಸದಲ್ಲಿ ಪವಿತ್ರವಾದದ್ದು ಏನೂ ಇಲ್ಲವೇ? ಇದೆ. ಆದರೆ ಅದು ಇರುವ ಸ್ಥಳವನ್ನು ಸರಿಯಾಗಿ ಗುರುತಿಸಬೇಕು.

ಮಲೆನಾಡಿನ ಧಾರ್ಮಿಕ ಬದುಕಿನಲ್ಲಿ ದೈವವು ವ್ಯಕ್ತಿಯೊಬ್ಬನನ್ನು ಆಯ್ದುಕೊಳ್ಳುವುದಕ್ಕೆ ಖಚಿತವಾದ ವ್ಯವಸ್ಥೆಯೊಂದಿದೆ. ಚೌಡಿ, ಭೂತ, ಮಾರಿಯರ ಆರಾಧನೆಯಲ್ಲಿ ಪಾತ್ರಿಯ ಮೈಮೇಲೆ ದೈವ ಬರುವುದನ್ನು 'ದರ್ಶನ' ಎನ್ನುತ್ತಾರೆ. ಪಾತ್ರಿಯು ಕಲಿತು ಆದವನಲ್ಲ, ದೈವ ಹಿಡಿದು ಆದವನು. ದೈವದ ಆಯ್ಕೆ ಎಂಬ ಪರಿಕಲ್ಪನೆ ಈ ಜನರಿಗೆ ಹೊಸತಲ್ಲ ಎಂಬುದು ಇದರಿಂದ ಸ್ಪಷ್ಟ. ಹೀಗಿದ್ದೂ ಸೂಲಗಿತ್ತಿಯನ್ನು ಅವರು ಪಾತ್ರಿಯ ಸಾಲಿನಲ್ಲಿ ಕೂರಿಸಲಿಲ್ಲ. ಆಕೆಗೆ ದರ್ಶನವಿಲ್ಲ. ಆಕೆಗಿರುವುದು ನೇಮ. ಕರೆದರೆ ಹೋಗಬೇಕು, ಹೊತ್ತು ನೋಡಬಾರದು, ಬೆಲೆ ಕಟ್ಟಬಾರದು, ಕೋಣೆಯೊಳಗೆ ಕಂಡದ್ದನ್ನು ಹೊರಗೆ ಆಡಬಾರದು, ಹಗೆಯ ಮನೆಯಾದರೂ ಹಿಂಜರಿಯಬಾರದು ಎಂಬ ಕಟ್ಟುಪಾಡುಗಳೇ ಆ ನೇಮ. ಈ ಕಟ್ಟುಪಾಡುಗಳನ್ನು ಮುರಿದರೆ ಕೈಗುಣ ಕೆಡುತ್ತದೆ ಎಂಬ ನಂಬಿಕೆಯಲ್ಲಿ ನೀತಿಯೂ ಕುಶಲತೆಯೂ ಒಂದಾಗಿವೆ. ಆಕೆಯ ಆಧ್ಯಾತ್ಮಿಕತೆಯನ್ನು ಹುಡುಕಬೇಕಾದದ್ದು ಇಲ್ಲಿ.

ಪವಿತ್ರತೆ ಇರುವ ಇನ್ನೊಂದು ಸ್ಥಳ ಹೆರುವ ಕ್ರಿಯೆ. ಇದಕ್ಕೆ ಈ ಮೂರೂ ತಾಲ್ಲೂಕುಗಳಲ್ಲಿ ಆಚರಿಸುವ ಭೂಮಿಹುಣ್ಣಿಮೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯ ಭತ್ತ ಹೊಡೆಗಟ್ಟಿರುತ್ತದೆ. ರೈತಾಪಿ ಜನರು ಭೂಮಿಯನ್ನು ತುಂಬುಬಸುರಿ ಎಂದು ಭಾವಿಸಿ ಆಕೆಗೆ ಬಯಕೆಯೂಟ ಬಡಿಸುತ್ತಾರೆ. ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿಯನ್ನು ಸಿದ್ಧಪಡಿಸುತ್ತಾರೆ. ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಬಗೆಬಗೆಯ ಸೊಪ್ಪು, ಕಾಯಿಪಲ್ಲೆ, ಕಡುಬುಗಳ ಅಡುಗೆ ಮಾಡುತ್ತಾರೆ. ನಸುಕಿನಲ್ಲಿ ಗದ್ದೆಗೆ ಹೋಗಿ, ಪೈರಿಗೆ ಒಡವೆ ತೊಡಿಸಿ ಪೂಜಿಸಿ, ಚರಗ ಬೀರುತ್ತಾರೆ. ಮನೆಯ ಮಗಳಿಗೆ ಮಾಡುವ ಸೀಮಂತವನ್ನು ಭೂಮಿಗೆ ಮಾಡುವ ಈ ಆಚರಣೆಯಲ್ಲಿ ಒಂದು ಲೋಕದೃಷ್ಟಿ ಅಡಗಿದೆ. ಹೆರುವುದು ಭೂಮಿಗೂ ಹೆಣ್ಣಿಗೂ ಸಮಾನವಾದ ಮಹತ್ತಿನ ಕೆಲಸ. ಜೊತೆಗಿರುವವರು ಉಣಿಸುವವರು, ಕಾಯುವವರು, ಎಚ್ಚರವಿರುವವರು ಮಾತ್ರ. ಗದ್ದೆಯಲ್ಲಿ ರೈತ ಯಾವ ಸ್ಥಾನದಲ್ಲಿದ್ದಾನೋ ಹೆರಿಗೆಯ ಕೋಣೆಯಲ್ಲಿ ಸೂಲಗಿತ್ತಿ ಆ ಸ್ಥಾನದಲ್ಲಿದ್ದಾಳೆ. ದೈವತ್ವ ಹೆರುವವಳದು, ಸೂಲಗಿತ್ತಿಯದು ಆ ದೈವತ್ವದ ಮುಂದೆ ಎಚ್ಚರವಾಗಿರುವ ನೇಮ.

ಉತ್ತರ ಕರ್ನಾಟಕದಲ್ಲಿ ಮಗು ಹುಟ್ಟಿದ ಮೊದಲ ವಾರದಲ್ಲಿ ಹಣೆಬರಹ ಬರೆಯಲು ಬರುವಳೆಂದು ನಂಬುವ ಸೆಟವಿಯ ಕಲ್ಪನೆಯೂ ಇದಕ್ಕೆ ಪೂರಕವಾಗಿದೆ. ಮಗುವಿನ ವಿಧಿಯನ್ನು ಬರೆಯುವ ಅಧಿಕಾರ ದೇವತೆಯದು. ಮಗುವನ್ನು ಲೋಕದ ಬೆಳಕಿಗೆ ಹಿಡಿಯುವ ಹೊಣೆ ಸೂಲಗಿತ್ತಿಯದು. ಜನಪದರು ಈ ಎರಡು ಪಾತ್ರಗಳನ್ನು ಗೊಂದಲಕ್ಕೆಡೆಯಿಲ್ಲದಂತೆ ಬೇರೆಯಾಗಿ ಇಟ್ಟಿದ್ದಾರೆ.

6. ದೇವತೆಯೂ ಮೈಲಿಗೆಯೂ

ದೈವದ ಕರೆ ಎಂಬ ಪರಿಕಲ್ಪನೆ ಲೋಕದಲ್ಲಿ ಎಲ್ಲಿಯೂ ಇಲ್ಲವೆಂದಲ್ಲ. ಗ್ವಾಟೆಮಾಲಾದ ಮಾಯಾ ಸಮುದಾಯವೊಂದರಲ್ಲಿ ಸೂಲಗಿತ್ತಿಯು ಧಾರ್ಮಿಕ ತಜ್ಞೆಯೂ ಆಗಿರುವುದನ್ನು ಲೂಯಿಸ್ ಪಾಲ್ ಮತ್ತು ಬೆಂಜಮಿನ್ ಪಾಲ್ 1975ರಲ್ಲಿ ವಿವರಿಸಿದರು. ಅಲ್ಲಿ ಹುಟ್ಟುವಾಗಲೇ ಗುರುತಿರುತ್ತದೆ, ಕನಸಿನಲ್ಲಿ ಗತಿಸಿದ ಸೂಲಗಿತ್ತಿಯರು ಬಂದು ಕಲಿಸುತ್ತಾರೆ, ಕರೆಯನ್ನು ನಿರಾಕರಿಸಿದವಳಿಗೆ ಕಾಯಿಲೆ ಬರುತ್ತದೆ. ಅದೇ 1975ರಲ್ಲಿ ಅಮೆರಿಕದ ಟೆನೆಸಿಯ ಸಹಜೀವನ ಸಮುದಾಯವೊಂದರಿಂದ ಐನಾ ಮೇ ಗ್ಯಾಸ್ಕಿನ್ ಅವರ ಗ್ರಂಥ ಹೊರಬಂದು, ಹೆರಿಗೆಯನ್ನು ಆಧ್ಯಾತ್ಮಿಕ ಅನುಭವವೆಂದೂ ಸೂಲಗಿತ್ತಿತನವನ್ನು ಸಾಧನೆಯೆಂದೂ ಮಂಡಿಸಿತು. ಆಸ್ಪತ್ರೆಯ ಯಾಂತ್ರಿಕತೆಗೆ ಬೇಸತ್ತ ಸಮಾಜಕ್ಕೆ ಆ ಮಾತು ಹಿತವಾಗಿ ಕೇಳಿಸಿತು. ಮೊದಲನೆಯದು ಆ ಸಮುದಾಯದ ಸ್ವಂತ ಧರ್ಮದಿಂದ ಹುಟ್ಟಿದ್ದು. ಎರಡನೆಯದು ಆಧುನಿಕ ಸಮಾಜದ ಒಂದು ಕೊರತೆಗೆ ಉತ್ತರವಾಗಿ ಹುಟ್ಟಿದ್ದು. ಎರಡನ್ನೂ ಅವುಗಳ ನೆಲೆಯಲ್ಲಿ ಗೌರವಿಸಬಹುದು. ಆದರೆ ಅವುಗಳ ಭಾಷೆಯನ್ನು ತಂದು ಮಲೆನಾಡಿನ ಸೂಲಗಿತ್ತಿಗೆ ತೊಡಿಸಿದರೆ ಇಲ್ಲಿಯ ಒಂದು ಕಟುಸತ್ಯ ಮರೆಯಾಗುತ್ತದೆ.

ಆ ಸತ್ಯ ಮೈಲಿಗೆಯದು. ಹೆರಿಗೆಯ ಕೋಣೆ ಅಮೆ ಅಥವಾ ಪುರುಡಿನ ಕೋಣೆ. ಮಗುವನ್ನು ಎತ್ತಿದ ಕೈಗೆ ಆ ದಿನಗಳಲ್ಲಿ ಅಡುಗೆಮನೆಯ ಪ್ರವೇಶವಿಲ್ಲ. ರಕ್ತ, ಮಾಸು, ಹೊಲಸು ಬಟ್ಟೆಗಳನ್ನು ಮುಟ್ಟುವ ಕೆಲಸವನ್ನು ಸಮಾಜವು ಬಹುಮಟ್ಟಿಗೆ ಜಾತಿಯ ಏಣಿಯಲ್ಲಿ ಕೆಳಗಿಟ್ಟ ಹೆಣ್ಣುಮಕ್ಕಳ ಮೇಲೆ ಹೊರಿಸಿದೆ. ಬಾಣಂತಿಯ ಬಟ್ಟೆಯನ್ನು ಒಗೆದ ಮಡಿವಳಗಿತ್ತಿಯ ಹೆಸರನ್ನು ಯಾವ ಸನ್ಮಾನ ಪತ್ರವೂ ಹೇಳುವುದಿಲ್ಲ. ಬೆಲೆ ಕಟ್ಟಬಾರದು ಎಂಬ ನೇಮಕ್ಕೂ ಎರಡು ಮುಖಗಳಿವೆ. ನಾಮಕರಣದ ದಿನ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಕುಪ್ಪಸದ ಕಣ ಕೊಟ್ಟು ಕಳಿಸುವ ಪದ್ಧತಿಯಲ್ಲಿ ಪ್ರೀತಿಯಿದೆ. ಒಂದು ಜೀವ ಉಳಿಸಿದ ದುಡಿಮೆಗೆ ಕೂಲಿ ಕೇಳುವ ಹಕ್ಕನ್ನು ಮೊದಲೇ ಕಿತ್ತುಕೊಂಡ ಯಜಮಾನಿಕೆಯೂ ಇದೆ. ಪುಣ್ಯದ ಕೆಲಸ ಎಂದು ಹೊಗಳಿದವರು ಆಕೆಯನ್ನು ಜಗಲಿಯ ಯಾವ ಭಾಗದವರೆಗೆ ಬಿಟ್ಟುಕೊಂಡರು ಎಂಬುದು ಸಂಶೋಧಕ ಕೇಳಬೇಕಾದ ಪ್ರಶ್ನೆ.

ಈ ವಿಷಯದಲ್ಲಿ ಭಾರತೀಯ ಅಧ್ಯಯನಗಳು ಎರಡು ದಿಕ್ಕುಗಳಲ್ಲಿ ಸಾಗಿವೆ. ಪೆಟ್ರಿಶಿಯಾ ಜೆಫ್ರಿ ಮತ್ತು ಸಂಗಡಿಗರು ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿ, ದಾಯಿಯ ಕೆಲಸ ಬಡತನದಿಂದ ಒದಗಿದ, ಗೌರವವಿಲ್ಲದ ದುಡಿಮೆ ಎಂದು ತೋರಿಸಿದರು. ಜಾನೆಟ್ ಚಾವ್ಲಾ 2006ರಲ್ಲಿ ಸಂಪಾದಿಸಿದ ಸಂಪುಟವು ನಾಚಿಕೆಯ ಹಿಂದೆ ಅಡಗಿರುವ ಶಕ್ತಿಯನ್ನು ಶೋಧಿಸುತ್ತ, ಮೈಲಿಗೆಯನ್ನೇ ಪವಿತ್ರತೆಯ ಇನ್ನೊಂದು ರೂಪವಾಗಿ ಓದಲು ಯತ್ನಿಸಿತು. ಮೊದಲನೆಯ ದೃಷ್ಟಿಯಲ್ಲಿ ಸೂಲಗಿತ್ತಿಯ ಜ್ಞಾನಕ್ಕೆ ಸಿಗಬೇಕಾದ ಮನ್ನಣೆ ಸಿಗುವುದಿಲ್ಲ. ಎರಡನೆಯದರಲ್ಲಿ ಆಕೆಯ ಕೂಲಿಯ ಪ್ರಶ್ನೆ ಹಿಂದೆ ಸರಿಯುತ್ತದೆ. ನೇಮ ಎಂಬ ದೇಸಿ ಪರಿಕಲ್ಪನೆಯಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವಿದೆ. ನೇಮವು ಹೊರಗಿನವರು ಹೊರಿಸಿದ ಕಟ್ಟೂ ಹೌದು, ಹೊತ್ತವಳು ತನ್ನದಾಗಿಸಿಕೊಂಡ ಘನತೆಯೂ ಹೌದು.

7. ಮೂವತ್ತು ದಿನಗಳ ತರಬೇತಿ

ಪ್ರಭುತ್ವವು ಸೂಲಗಿತ್ತಿಯನ್ನು ಕಂಡ ಬಗೆ ಬೇರೆ. 1970ರ ದಶಕದ ಉತ್ತರಾರ್ಧದಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯಡಿ ದಾಯಿಗಳಿಗೆ 30 ಕೆಲಸದ ದಿನಗಳ ತರಬೇತಿ ದೇಶದಾದ್ಯಂತ ವ್ಯಾಪಕವಾಯಿತು. ಸೋಪು, ಹೊಸ ಬ್ಲೇಡು, ಶುದ್ಧ ದಾರ ಮೊದಲಾದವುಗಳ ಬಳಕೆಯನ್ನು ಕಲಿಸಲಾಯಿತು. ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಶುದ್ಧವಲ್ಲದ ಕತ್ತಿಯಿಂದ ಹೊಕ್ಕುಳಬಳ್ಳಿ ಕತ್ತರಿಸಿದ್ದರಿಂದ ಧನುರ್ವಾಯು ತಗುಲಿ ಸತ್ತ ಹಸುಗೂಸುಗಳನ್ನು ಪರಂಪರೆಯ ಅಭಿಮಾನದಲ್ಲಿ ಮರೆಯುವುದು ಅನ್ಯಾಯವಾದೀತು. ಕೊರತೆ ಇದ್ದದ್ದು ಕಲಿಸುವ ವಿಧಾನದಲ್ಲಿ. ಕೈಯಿಂದ ಕಲಿತವರನ್ನು ಬೆಂಚಿನ ಮೇಲೆ ಕೂರಿಸಿ ಉಪನ್ಯಾಸ ಕೇಳಿಸಲಾಯಿತು. ಯುಕಟಾನಿನ ಇಂಥದೇ ತರಬೇತಿಯನ್ನು ವಿಶ್ಲೇಷಿಸಿದ ಜೋರ್ಡನ್ 1989ರಲ್ಲಿ ಹೇಳಿದ ಒಳನೋಟ ಇಲ್ಲಿಗೂ ಸಲ್ಲುತ್ತದೆ. ಅಲ್ಲಿ ಸೂಲಗಿತ್ತಿಯರು ಅಧಿಕಾರಿಗಳ ಮುಂದೆ ಆಡಬೇಕಾದ ಮಾತನ್ನು ಕಲಿತರು. ಕೆಲಸದ ರೀತಿ ಹೆಚ್ಚು ಬದಲಾಗಲಿಲ್ಲ. ಆಕೆಗೆ ಏನು ಗೊತ್ತಿದೆ ಎಂದು ಕೇಳುವ ಪದ್ಧತಿ ಆ ತರಬೇತಿಗಳಲ್ಲಿ ಇರಲಿಲ್ಲ.

2005ರ ಜನನಿ ಸುರಕ್ಷಾ ಯೋಜನೆಯ ನಂತರ ಒತ್ತು ಆಸ್ಪತ್ರೆಯ ಹೆರಿಗೆಗೆ ಸರಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು 2005–06ರಲ್ಲಿ ಸುಮಾರು ಶೇ. 65 ಇದ್ದವು, 2015–16ರಲ್ಲಿ ಶೇ. 94ಕ್ಕೆ, 2019–21ರಲ್ಲಿ ಶೇ. 97ಕ್ಕೆ ಏರಿದವು. ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇಳಿಕೆಗೆ ರಸ್ತೆ, ವಿದ್ಯಾಭ್ಯಾಸ, ಆಹಾರ, ಆಂಬ್ಯುಲೆನ್ಸ್ ಎಲ್ಲವೂ ಕಾರಣ. ಆದರೂ ಅಂಕಿಗಳ ಹಿಂದೆ ಬದುಕಿ ಉಳಿದ ಹೆಣ್ಣುಮಕ್ಕಳಿದ್ದಾರೆ ಎಂಬುದನ್ನು ಮರೆತು ಸೂಲಗಿತ್ತಿಯ ಕಾಲವನ್ನು ಸುವರ್ಣಯುಗವಾಗಿ ಚಿತ್ರಿಸುವುದು ವಿದ್ವತ್ತಿಗೆ ಶೋಭೆಯಲ್ಲ. ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತನ್ನು ಕಟ್ಟಿದವರು ಸಾವನ್ನು ಹತ್ತಿರದಿಂದ ಕಂಡವರೇ.

ದೈವದ ಕರೆ ಎಂಬ ವಿವರಣೆಯ ಅಪಾಯ ಇಲ್ಲಿಯೇ ತೀವ್ರವಾಗಿ ಕಾಣುತ್ತದೆ. ಕೈಯಲ್ಲಿ ದೈವವಿದೆ ಎಂದಾದರೆ ತಾಯಿಯ ಸಾವಿಗೆ ವಿಧಿಯಲ್ಲದೆ ಬೇರೆ ಕಾರಣವಿರುವುದಿಲ್ಲ. ನೇಮವುಳ್ಳವಳು ತನ್ನ ಕೈಯ ಮಿತಿಯನ್ನು ಅರಿತಿರುತ್ತಾಳೆ. ಮಗು ಅಡ್ಡವಾಗಿದೆ, ಇದು ನನ್ನ ಕೈಲಾಗುವ ಕೆಲಸವಲ್ಲ, ಗಾಡಿ ಕಟ್ಟಿ ಎಂದು ಹೊತ್ತಿಗೆ ಮುಂಚೆ ಹೇಳಬಲ್ಲ ಸೂಲಗಿತ್ತಿಯೇ ಜನರ ದೃಷ್ಟಿಯಲ್ಲಿ ಒಳ್ಳೆಯ ಸೂಲಗಿತ್ತಿ. ಆ ಮಾತನ್ನು ಹೇಳುವ ಧೈರ್ಯ ಕಲಿಕೆಯ ಕೊನೆಯ ಪಾಠ.

ಆಸ್ಪತ್ರೆಯ ಕಡೆಗಿನ ಈ ಪಯಣದಲ್ಲಿ ಕಳೆದುಹೋದದ್ದೂ ಉಂಟು. ಹೆರಿಗೆಯ ಕೋಣೆಯಲ್ಲಿ ಪರಿಚಿತ ಕೈಯೊಂದು ಭುಜ ಹಿಡಿದಿರುವ ಧೈರ್ಯ ಇಲ್ಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಶಿಫಾರಸುಗಳಲ್ಲಿ, ಹೆರುವವಳು ಬಯಸಿದ ಸಂಗಾತಿಯೊಬ್ಬರು ಜೊತೆಗಿರಬೇಕೆಂದು ಹೇಳಿತು. ಭಾರತ ಸರ್ಕಾರವು ಅದೇ ವರ್ಷ, ಶುಶ್ರೂಷಕಿಯರನ್ನು 18 ತಿಂಗಳ ತರಬೇತಿಯಿಂದ ಹೆರಿಗೆ ತಜ್ಞೆಯರನ್ನಾಗಿ ರೂಪಿಸುವ ಮಾರ್ಗಸೂಚಿಯನ್ನು ಪ್ರಕಟಿಸಿತು. ನರಸಮ್ಮನವರಿಗೆ ಪದ್ಮಶ್ರೀ ಬಂದ ವರ್ಷವೂ ಅವರು ತೀರಿಕೊಂಡ ವರ್ಷವೂ ಅದೇ. ಹೊಸ ಹೆರಿಗೆ ತಜ್ಞೆಗೆ ಸೂಲಗಿತ್ತಿಯಿಂದ ಕಲಿಯಬೇಕಾದದ್ದು ಔಷಧವಲ್ಲ. ಕಾಯುವ ತಾಳ್ಮೆ, ಮೈಮೇಲಿಟ್ಟ ಕೈಯ ಎಚ್ಚರ, ಕರೆದಾಗ ಬರುವ ಹೊಣೆ. ಇವು ಪಠ್ಯಕ್ರಮದಲ್ಲಿ ಬರೆಯಲು ಕಷ್ಟ. ದಾಖಲಿಸಿ ಕೊಡಬೇಕಾದವರು ಜಾನಪದ ಸಂಶೋಧಕರು.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಪರಿಸರದ ಜನಪದರು ಹೆರುವ ಕ್ರಿಯೆಯನ್ನು ದೈವಿಕವೆಂದು ಭಾವಿಸಿದ್ದಾರೆ. ಹೆರಿಗೆ ಮಾಡಿಸುವವಳನ್ನು ನೇಮವಂತೆ ಎಂದು ಕಂಡಿದ್ದಾರೆ. ಆಕೆಗೆ ಬರುವ ಕರೆ ಮನುಷ್ಯರದು. ಆ ಕರೆಗೆ ತಪ್ಪದೆ ಓಗೊಟ್ಟು ಕಳೆದ ಬದುಕೇ ಆಕೆಯ ಸಾಧನೆ. ಆ ಸಾಧನೆಯನ್ನು ದೈವಾಂಶವೆಂದು ಕರೆದು ಪೂಜಿಸುವುದರಿಂದ ಆಕೆಯ ಕಲಿಕೆ, ಕೂಲಿ, ಜಾತಿ, ಸೋಲುಗಳು ಚಿತ್ರದಿಂದ ಹೊರಗುಳಿಯುತ್ತವೆ.

ಮುಂದಿನ ಸಂಶೋಧನೆಗೆ ಇದರಿಂದ ಒಂದು ದಾರಿ ತೆರೆಯುತ್ತದೆ. ಎಷ್ಟು ಹೆರಿಗೆ ಮಾಡಿಸಿದಿರಿ ಎಂಬ ಪ್ರಶ್ನೆಯೊಂದನ್ನೇ ಕೇಳುವುದು ಸಾಲದು. ಯಾರ ಹಿಂದೆ ಹೋಗಿ ಕಲಿತಿರಿ, ಮೊದಲ ದಿನ ಏನು ಮಾಡಿದಿರಿ, ಯಾರ ಮನೆಯಲ್ಲಿ ಎಲ್ಲಿ ಕುಳಿತು ಉಂಡಿರಿ, ಏನು ಕೊಟ್ಟರು, ಯಾವ ಹೆರಿಗೆಯನ್ನು ಬಿಟ್ಟುಕೊಟ್ಟಿರಿ, ಯಾವ ಸಾವನ್ನು ಮರೆತಿಲ್ಲ ಎಂದು ಕೇಳಬೇಕು. ಹಿನ್ನೀರಿನ ಆಚೆಯ ಹಳ್ಳಿಗಳಲ್ಲಿ, ಆಗುಂಬೆ ಹುಲಿಕಲ್ಲಿನ ಒಂಟಿಮನೆಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಹಿರಿಯ ಹೆಣ್ಣುಮಕ್ಕಳು ಈಗ ಎಪ್ಪತ್ತು ಎಂಬತ್ತು ದಾಟಿದವರು. ಈಗ ಅವರ ಬಾಗಿಲಿಗೆ ಬೇನೆಯ ಕರೆ ಬರುವುದಿಲ್ಲ. ನಾವು ಹೋಗಿ ಕರೆಯಬೇಕಾದ ಹೊತ್ತು ಇದು.